ತೆಗೆದುಹಾಕಿದ ಪ್ಯಾರಾ

ಮೇಡಂ ಕಚೇರಿಗೆ ಬಂದಾಗ ಅವರ ಹೆಗಲ ಮೇಲಿನ ಸೆರಗಿಗೆ ಬಣ್ಣಬಣ್ಣದ ದಾರದ ಚೂರುಗಳು ಅಂಟಿರುತ್ತಿದ್ದವು. ಪದ್ಮನಾಭನಗರದ ಬಸ್ಸಿನಲ್ಲಿ ದಿನಾ ಗಾರ್ಮೆಂಟ್ಸ್ ಹೆಂಗಸರ ನಡುವೆ ಒತ್ತಿಕೊಂಡು ಕೂತದ್ದರ ಗುರುತು ಅದು.

ರಾಜ್ಯಕ್ಕೆ ಬಂಡವಾಳ ಕರೆತರುವ ಇಲಾಖೆಯಲ್ಲಿ ಅವರು ಅಧೀನ ಕಾರ್ಯದರ್ಶಿ. ಅವರ ಕೈಕೆಳಗಿನ ಶಾಖಾಧಿಕಾರಿ ನಾನು. ಹೆಂಡತಿ ಮನೆಯಲ್ಲೇ ಇದ್ದರೂ ಗ್ಯಾಸ್ ಆರಿಸಿದೆಯಾ ಎಂದು ದಿನಕ್ಕೆ ಮೂರು ಸಲ ಫೋನ್ ಮಾಡುವ ಪ್ರಾಣಿ.

ಜಗತ್ತಿನ ಆಗುಹೋಗು ತಿಳಿಯಲು ಉಳಿದ ಅಧಿಕಾರಿಗಳು ಇಂಗ್ಲಿಷ್ ಪೇಪರ್ ಓದುತ್ತಿದ್ದರು. ಮೇಡಂ ಬಸ್ಸಿನಲ್ಲಿ ಆ ಹೆಂಗಸರ ಹತ್ತಿರ ಓವರ್‌ಟೈಮ್ ಉಂಟೋ ಇಲ್ಲವೋ ವಿಚಾರಿಸುತ್ತಿದ್ದರು. ಇಲ್ಲವೆಂದರೆ, ಬ್ಯಾಗು ಇಡುವ ಮೊದಲೇ ನನಗೆ ವರದಿ: "ಅಮೆರಿಕದೋರು ಅಂಗಿ ಕೊಳ್ಳೋದು ಕಮ್ಮಿ ಮಾಡಿದಾರೆ ಕಣ್ರೀ." ಪೇಪರಿನಲ್ಲಿ ಅದು ಬರಲು ಇನ್ನೂ ತಿಂಗಳು ಹಿಡಿಯುತ್ತಿತ್ತು.

ಅಮೆರಿಕ ನಮ್ಮ ಬಟ್ಟೆಯ ಮೇಲೆ ಸುಂಕ ಏರಿಸಿದಾಗ ನಮ್ಮಲ್ಲಿ ಹೊಸ ನೀತಿಯ ಕರಡು ಸಿದ್ಧವಾಗುತ್ತಿತ್ತು. ಚೀನಾ ಬಿಟ್ಟು ಹೊರಡುವ ಕಂಪನಿಗಳಿಗೆ ಜಮೀನು, ನೀರು, ಕರೆಂಟು, ಎಲ್ಲದರಲ್ಲೂ ರಿಯಾಯಿತಿ. ಮೇಡಂ ಅದಕ್ಕೊಂದು ಪ್ಯಾರಾ ಸೇರಿಸಿದರು: ಆರ್ಡರ್ ನಿಂತು ಹೊಲಿಗೆ ಘಟಕ ಮುಚ್ಚಿದರೆ, ಅಲ್ಲಿನ ಹೆಂಗಸರಿಗೆ ಆರು ತಿಂಗಳು ಅರ್ಧ ಸಂಬಳ ಕೊಟ್ಟು ಬೇರೆ ಕೆಲಸ ಕಲಿಸಬೇಕು. ಮೇಲಿನವರು ಪಕ್ಕದಲ್ಲಿ 'ಚರ್ಚಿಸಿ' ಎಂದು ಬರೆದು ಕಡತ ವಾಪಸ್ ಕಳಿಸಿದರು. ನಮ್ಮಲ್ಲಿ ಅದರರ್ಥ, ತೆಗೆಯಿರಿ ಎಂದು.

ಮೇಡಂ ತೆಗೆಯಲಿಲ್ಲ. ಅಷ್ಟರಲ್ಲಿ ಕಾಯಿಲೆ ಬಿದ್ದು ಜೆ.ಪಿ. ನಗರದ ಆಸ್ಪತ್ರೆ ಸೇರಿದರು. ಕಡತ ನನ್ನ ಮೇಜಿಗೆ ಬಂತು. ವರ್ಗಾವಣೆ, ಬಡ್ತಿ, ಮಗಳ ಕಾಲೇಜು, ಎಲ್ಲ ಚಿಂತೆಯನ್ನೂ ಒಂದೇ ಮಧ್ಯಾಹ್ನ ಮುಗಿಸಿ, ಆ ಪ್ಯಾರಾ ಇಲ್ಲದ ಕರಡು ಮಂಡಿಸಿದೆ. ಸಂಜೆಯೊಳಗೆ ಸಹಿ ಬಿತ್ತು. ನನ್ನ ಸರ್ವಿಸಿನಲ್ಲಿ ಅಷ್ಟು ಚುರುಕಾಗಿ ಓಡಿದ ಕಡತ ಇನ್ನೊಂದಿಲ್ಲ.

ಆಸ್ಪತ್ರೆಗೆ ಹೋಗಿ ನಾನೇ ಹೇಳಿದೆ.

"ಹೆದರಿದ್ರಾ?" ಎಂದರು. ಹೌದೆಂದೆ.

"ನಂಗೂ ಹೆದರಿಕೆ ಇತ್ತು ಕಣ್ರೀ," ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಬಸ್ಸಿನ ಹೆಂಗಸರು ದುಡಿಯುತ್ತಿದ್ದ ಇಟ್ಟಮಡುವಿನ ಹೊಲಿಗೆ ಘಟಕ ಬಾಗಿಲು ಹಾಕಿತು. ಆರ್ಡರುಗಳು ಸುಂಕ ಕಡಿಮೆಯಿದ್ದ ದೇಶಗಳಿಗೆ ಹೋದವು. ನಾವು ಕೈಮುಗಿದು ಕರೆದ ಕಂಪನಿ, ಇನ್ನೂ ಹೆಚ್ಚು ರಿಯಾಯಿತಿ ಕೊಟ್ಟ ಪಕ್ಕದ ರಾಜ್ಯಕ್ಕೆ ಹೋಯಿತು. ಆಮೇಲೆ ಮೇಡಂ ತೀರಿಕೊಂಡರು.

ಅವರ ಮನೆಯ ಮುಂದೆ ಬಸ್ಸಿನ ಹೆಂಗಸರೆಲ್ಲ ನಿಂತಿದ್ದರು. ವಾರದ ನಡುವೆ ಬರಲು ಈಗ ಯಾರೂ ರಜೆ ಕೇಳಬೇಕಿರಲಿಲ್ಲ. ಒಬ್ಬಾಕೆ ನನ್ನ ಹತ್ತಿರ ಬಂದಳು.

"ಸಾರ್, ನೀವು ಮೇಡಂ ಆಫೀಸ್ನೋರಲ್ವಾ? ನಮಗೆ ಅರ್ಧ ಸಂಬಳ ಬರೋ ಹಂಗೆ ಮೇಡಂ ಬರ್ದಿದ್ರಂತೆ. ಯಾರೋ ತೆಗೆದ್ಬಿಟ್ರಂತೆ. ಆಸ್ಪತ್ರೇಲಿ ಎಷ್ಟ್ ಕೇಳಿದ್ರೂ ಹೆಸರು ಮಾತ್ರ ಮೇಡಂ ಹೇಳ್ಲಿಲ್ಲ. ಯಾರು ಸಾರ್ ಅದು?"

"ವಿಚಾರಿಸ್ತೀನಮ್ಮ," ಎಂದೆ.

ಆಕೆ ನಂಬಿ, ನನಗೆ ಕೈಮುಗಿದಳು.