ಕಪ್ಪು ಬೆಲ್ಲ

ಪಾಂಡವಪುರದ ಬಳಿ ಆಲೆಮನೆಯೊಂದನ್ನು ಗುತ್ತಿಗೆಗೆ ಹಿಡಿದಿದ್ದ ಅವನು ಉತ್ತರಪ್ರದೇಶದವನು. ಮಾತು ಮಾತ್ರ ಮಂಡ್ಯದ್ದೇ ಆಗಿತ್ತು. ಯಾರೇ ಬರಲಿ, ಬಿಸಿಬೆಲ್ಲವನ್ನು ಕಬ್ಬಿನ ಸಿಪ್ಪೆಯಲ್ಲಿ ಕೆರೆದು ಕೊಟ್ಟು, “ಮೊದ್ಲು ತಿಂದ್ ನೋಡಿ” ಎನ್ನುತ್ತಿದ್ದ. ಬೆಲ್ಲವನ್ನು ಬೆಳ್ಳಗೆ ಮಾಡುವ ಪುಡಿಯನ್ನು ಕೊಪ್ಪರಿಗೆಯ ಹತ್ತಿರವೂ ತರುತ್ತಿರಲಿಲ್ಲ.

ಒಮ್ಮೆ ನನ್ನ ಎದುರಿಗೇ ಮಂಡಿಯ ದಲ್ಲಾಳಿ ಅಚ್ಚು ಒಡೆದು ನೋಡಿ, “ಕರ್ರಗದೆ ಕಣ್ಲಾ, ಯಾರ್ ತಗೋತಾರೆ ಇದ್ನ?” ಎಂದು ಅರ್ಧ ಬೆಲೆಗೆ ಎತ್ತಿಕೊಂಡ. ಒಂದು ಚೂರನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ತಿಂಗಳ ಮೇಲೆ ಶ್ರೀರಂಗಪಟ್ಟಣದ ಅಂಗಡಿಯಲ್ಲಿ ಚಂದದ ಡಬ್ಬಿ ಕಂಡಿತು: ‘ಪುಡಿ ಹಾಕದ ಅಪ್ಪಟ ಕಪ್ಪು ಬೆಲ್ಲ’. ಬೆಲೆ ಮೂರು ಪಟ್ಟು, ಮೇಲೆ ಅದೇ ದಲ್ಲಾಳಿಯ ನಗುವ ಫೋಟೊ. ನನಗೆ ಮೈಯೆಲ್ಲ ಉರಿದುಹೋಯಿತು. ಕೊಂಡು ಆಲೆಮನೆಗೆ ತಂದು ಅವನ ಮುಂದೆ ಕುಕ್ಕಿದೆ.

ಅವನು ಚೂರು ಮುರಿದು ಬಾಯಿಗೆ ಹಾಕಿಕೊಂಡ.

“ನಮ್ದೇಯ,” ಎಂದ. ಆಮೇಲೆ ಫೋಟೊದ ಮೇಲೆ ಬೆರಳಿಟ್ಟು ಕೇಳಿದ: “ಈಗ್ಲಾದ್ರೂ ಇವ್ರು ತಿಂದ್ ನೋಡವ್ರಾ?”