ಮಂದಿ ಮುಂದೆ ಕೊಟ್ಟ ಮಾತು

ನನ್ನ ಮದುವೆಯಾದ ಮೊದಲ ಶ್ರಾವಣ. ಮಂಡಲ ಪಂಚಾಯತಿ ಚುನಾವಣೆ ಮುಗಿದು, ಕುಂದಗೋಳ ಕಡೆಯ ನಮ್ಮೂರು ಎರಡು ಪಕ್ಷವಾಗಿ ಒಡೆದಿತ್ತು. ಒಬ್ಬರ ಗಿರಣಿಗೆ ಇನ್ನೊಬ್ಬರು ಜೋಳ ಬೀಸಲು ಕಳಿಸುತ್ತಿರಲಿಲ್ಲ. ಆಗಲೇ ಊರ ಜಗಳಗಳಿಗೆ ನ್ಯಾಯ ಹೇಳುತ್ತಿದ್ದ ಹಿರಿಯರು ತೀರಿಕೊಂಡರು. ಆ ಜಾಗಕ್ಕೆ ನನ್ನ ಮಾವನವರ ಹೆಸರು ಬಂತು. ಹೊಲದ ಬದುವಿನ ತಂಟೆ, ಅಣ್ಣತಮ್ಮಂದಿರ ಪಾಲು, ಎಲ್ಲ ಬಲ್ಲವರು. ಆ ಜಾಗ ಅವರಿಗೂ ಬೇಕಾಗಿತ್ತು, ಅದನ್ನು ಮುಚ್ಚಿಡಲಿಲ್ಲ.

ಮಠದ ಅಂಗಳದಲ್ಲಿ ಊರು ಕೂಡಿತು. ಹೆಂಗಸರು ಒಂದು ಬಾಜು ಕೂತಿದ್ದೆವು. ಬದು, ಪಾಲು ಅಂತ ಏನಾದರೂ ಕೇಳುತ್ತಾರೆ ಅಂದುಕೊಂಡಿದ್ದೆ. ಯಾರೂ ಕೇಳಲಿಲ್ಲ. ಒಂದು ಪಕ್ಷದ ಮುಖಂಡ ಎದ್ದ. ಪ್ರಶ್ನೆ ಮಾವನವರಿಗೆ, ಮೋರೆ ಮಾತ್ರ ತನ್ನ ಹುಡುಗರ ಕಡೆ.

"ಇವ್ರ ಸೊಸಿ ಶಲವಡಿಯಾಕಿ. ಆಕಿ ಅಣ್ಣ ಅಲ್ಲಿ ಯಾವ ಬಾವುಟ ಹಿಡದು ತಿರಗ್ತಾನ, ಕೇಳ್ರಿ ಇವ್ರನ್ನ."

ಅಣ್ಣ ಹಿಡಿಯುತ್ತಿದ್ದುದು ಎದುರು ಪಕ್ಷದ ಬಾವುಟ. ಊರಿನ ಅರ್ಧ ಮಂದಿಗೆ ಇನ್ನೂ ನನ್ನ ಮುಖವೇ ಗೊತ್ತಿರಲಿಲ್ಲ. ಎದುರು ಪಕ್ಷದವನಾದರೂ ತಡೆಯುತ್ತಾನೆ ಅಂದರೆ, ಅವನೂ ಈ ಮುಖಂಡನ ಮೇಲೆ ತೋಳೇರಿಸಿ ಎದ್ದ. "ನಿಮ್ಮ ಬೀಗರ ಮನಿ ಬಾವುಟ ಯಾವುದಲೇ, ಅದನ್ನ ಹೇಳ ಮೊದಲ." ಹುಡುಗರು ಸೀಟಿ ಹೊಡೆದರು. ಮೊದಲಿನವನಿಗೆ ಇನ್ನಷ್ಟು ಹುರುಪು ಬಂತು.

"ಬೀಗರ ಮನಿ ಉಂಡಿ ತಿಂದು ಹೇಳಿದ ನ್ಯಾಯ ಯಾವ ಕಡಿ ವಾಲತೈತಿ? ಈ ಪಂಚಮಿಗೆ ಸೊಸೀನ ತವರಮನಿಗೆ ಕಳಸೂದಿಲ್ಲಂತ ಎಲ್ಲಾರ ಮುಂದ ಮಾತು ಕೊಡ್ರಿ, ಒಪ್ಪತೀವಿ."

ಮಾವ ಎದ್ದು ಬರುತ್ತಾರೆ ಅಂತಲೇ ನಂಬಿದ್ದೆ. ಅವರು ನೆಲ ನೋಡಿದರು. "ಆತ್ರಿ, ಕಳಸೂದಿಲ್ಲ" ಅಂದರು.

ಚಪ್ಪಾಳೆ ಬಿತ್ತು, ಹಾರ ಬಿತ್ತು. ಮದುವೆಯಾದ ವರ್ಷ ನಾಗರಪಂಚಮಿಗೆ ತವರಿಗೆ ಹೋಗದ ಹೆಣ್ಣನ್ನು ನಾನು ಕಂಡಿರಲಿಲ್ಲ. ಮನೆಗೆ ಹೇಗೆ ಬಂದೆನೋ ಇವತ್ತಿಗೂ ನೆನಪಿಲ್ಲ.

ಮರುದಿನ ಮುಂಜಾನೆ ಅದೇ ಮುಖಂಡ ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ನಗುತ್ತಿದ್ದ. ಒಳಗೆ ರೊಟ್ಟಿ ಬಡಿಯುತ್ತಿದ್ದವಳಿಗೆ ಎಲ್ಲ ಕೇಳಿಸಿತು. "ಅದೆಲ್ಲಾ ಮಂದಿ ಮುಂದ ಆಡೂ ಮಾತ್ರಿ ಕಾಕಾ. ನಮ್ಮ ಹುಡುಗರನ್ನೂ ಹಿಡಕೊಂಡು ಹೋಗಬೇಕಲ್ಲ. ಸೊಸೀನ ಕಳಸ್ರಿ, ಯಾರು ಕೇಳ್ತಾರ."

ರೊಟ್ಟಿ ಹೆಂಚಿನ ಮೇಲೆ ಸೀದಿತು. ನನ್ನ ಹೆಸರು ಬೀದಿಗೆ ಎಳೆದವನಿಗೆ ಅದು ರಾತ್ರಿ ಕಳೆಯುವಷ್ಟರಲ್ಲಿ ಚೇಷ್ಟೆಯಾಗಿತ್ತು. ಆದರೂ, ತವರಿಗೆ ಹೋಗುವ ಆಸೆ ಎದ್ದಿದ್ದು ಸುಳ್ಳಲ್ಲ.

"ನೀ ಸುಮ್ಮನ ಅಂದಿರಬೇಕಪಾ, ನಾ ಸುಮ್ಮನ ಅಂದಿಲ್ಲ" ಅಂದರು ಮಾವ. "ಮೊದಲನೇ ದಿನಾನ ಮಾತು ತಪ್ಪಿದ್ರ ನಾಳಿ ಯಾರಿಗೆ ನ್ಯಾಯ ಹೇಳ್ಲಿ?"

ಹಬ್ಬದ ಮುನ್ನಾದಿನ ಅಣ್ಣ ಕರೆಯಲು ಬಂದ. ಸುದ್ದಿ ಕೇಳಿದವನೇ ಮಾವನವರ ಎದುರು ಹೋಗಿ ನಿಂತ.

"ಬಾವುಟ ಇವತ್ತ ಬಿಡ್ತೀನ್ರಿ ಮಾವಾರ. ತಂಗೀನ ಕಳಸ್ರಿ."

ಮಾವ ತಲೆ ಅಲ್ಲಾಡಿಸಿದರು. ಅಣ್ಣ ಒಬ್ಬನೇ ಬಸ್ಸು ಹತ್ತಿದ. ಶಲವಡಿಯಲ್ಲಿ ಅವ್ವ ಆಗಲೇ ನನಗೆಂದು ಪಂಚಮಿಯ ಜೋಕಾಲಿ ಕಟ್ಟಿಸಿದ್ದಳಂತೆ.