ಮಣ್ಣಿಗಿಳಿದ ಎರಡು ಚಕ್ರ

ಬಿಸಿಲಿಗೆ ಹರವಿದ ಮೆಕ್ಕೆಜೋಳದ ವಾಸನೆ ನಿಮಗೆ ಗೊತ್ತಲ್ಲ? ಧೂಳಿನದು, ತುಸು ಸಿಹಿ. ಮೊನ್ನೆ ಜಗಳೂರಿನಲ್ಲಿ ಮದುವೆ ಊಟ ಮುಗಿಸಿ ಬರುವಾಗ ಅರ್ಧ ರಸ್ತೆಗೆ ಅದೇ ಜೋಳ ಹಾಸಿತ್ತು. ಕಾರು ಓಡಿಸುತ್ತಿದ್ದ ಮೊಮ್ಮಗಳು ಮೇಘ ನಮ್ಮ ಕಡೆಯವರೆಲ್ಲ ಮಾಡುವುದನ್ನೇ ಮಾಡಿದಳು. ಎರಡು ಚಕ್ರ ಮಣ್ಣಿಗಿಳಿಸಿ, ಜೋಳ ದಾಟುತ್ತಲೇ ಸ್ಟೇರಿಂಗ್ ಎಳೆದು ಗಬಕ್ಕನೆ ಟಾರಿಗೆ ಹತ್ತಿಸಿದಳು. ನನ್ನ ಮಡಿಲಲ್ಲಿದ್ದ ತಾಂಬೂಲದ ತೆಂಗಿನಕಾಯಿ ಪಾದದ ಮೇಲೆ ಬಿತ್ತು.

"ರೇಸ್ ಟ್ರ್ಯಾಕಲ್ಲೂ ಹಿಂಗೇ ಎಳೆದ್ಯೇನೇ?" ಎಂದೆ.

"ಹೂಂ ಅಜ್ಜಿ. ತಿರುವಲ್ಲಿ ಹೊರಗೆ ಜಾರ್ತು, ಎಳೆದೆ, ಗಿರ್ರನೆ ತಿರುಗಿಬಿಡ್ತು. ಈ ಭಾನುವಾರ ನಾನು ಹೋಗಲ್ಲ."

ಕಾರ್ ರೇಸ್ ಕಲಿಯಲೆಂದು ಅವಳೇ ಆಸೆಪಟ್ಟು ಸೇರಿದ ಭಾನುವಾರದ ಕ್ಲಾಸು. ಬಿಡುತ್ತೇನೆಂಬುದನ್ನು ಮನೆಯಲ್ಲಿ ಇನ್ನೂ ಯಾರಿಗೂ ಹೇಳಿರಲಿಲ್ಲ.

ನಾನೂ ಒಂದು ಕಾಲದಲ್ಲಿ ರೇಸ್ ಮಾಡಿದವಳು ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಹೊನ್ನಾಳಿಯ ಹೊರಗೆ, ಕೊಯ್ಲಾದ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ನನ್ನ ಯಜಮಾನರೂ ಅವರ ಗೆಳೆಯರೂ ಟ್ರ್ಯಾಕ್ ಮಾಡಿದ್ದರು. "ಲೇಡೀಸ್ ಕ್ಲಾಸ್" ಎಂದು ಒಂದು ವಿಭಾಗ ಇತ್ತು, ಲೇಡಿ ನಾನೊಬ್ಬಳೇ. ಹೆಲ್ಮೆಟ್ ನನ್ನ ತುರುಬಿನ ಮೇಲೆ ಮಡಕೆಯಂತೆ ಕೂತು ಕೆಳಗಿಳಿಯಲೊಲ್ಲದು. ಇವರು ಅಷ್ಟು ಜನರೆದುರಿಗೇ ತುರುಬು ಬಿಚ್ಚಿ, ಸಡಿಲವಾಗಿ ಜಡೆ ಹೆಣೆದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದದ್ದು ಹೆಲ್ಮೆಟ್ಟಿನೊಳಗೆ ಯಾರಿಗೂ ಕಾಣಲಿಲ್ಲ, ಥ್ಯಾಂಕ್ ಗಾಡ್.

ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ್ದು ಒಂದೇ: ತಪ್ಪಾಯಿತೋ, ತಕ್ಷಣ ತಿದ್ದು. ಕಾಪಿ ಬರೆಯುವಾಗ ನನ್ನ ಎಡಗೈಯಲ್ಲಿ ರಬ್ಬರ್ ಯಾವಾಗಲೂ ಸಿದ್ಧ. ಅವತ್ತು ಟ್ರ್ಯಾಕಿನ ತಿರುವಿನಲ್ಲೂ ಹಾಗೇ ಆಯಿತು. ವೇಗ ಹೆಚ್ಚಾಗಿ ಚಕ್ರಗಳು ಗೆರೆಯಾಚೆಯ ಸಡಿಲ ಮಣ್ಣಿಗೆ ಜಾರಿದ್ದೇ ತಡ, ತಿದ್ದಲು ಹೋಗಿ ಸ್ಟೇರಿಂಗ್ ಎಳೆದೆ. ಕಾರು ಗಿರಕಿ ಹೊಡೆದು, ಬಂದ ದಾರಿಯನ್ನೇ ನೋಡುತ್ತ ನಿಂತಿತು. ಇಳಿದು "ಸಾರಿ, ಸಾರಿ" ಎಂದು ಅಳತೊಡಗಿದೆ. ಇವರು ಓಡಿ ಬಂದರು. ಮೊದಲು ನೋಡಿದ್ದು ನನ್ನ ಕತ್ತು, ಕೈಗಳನ್ನು, ಕಾರನ್ನಲ್ಲ.

"ಕೆಳಗಿಳಿದ್ರೆ ಇಳೀಲಿ ಬಿಡು," ಎಂದರು. "ಸ್ಟೇರಿಂಗ್ ನೆಟ್ಟಗೆ ಹಿಡಿ. ಬ್ರೇಕ್ ತುಳೀಬ್ಯಾಡ, ಆಕ್ಸಿಲರೇಟರ್ ಮೆಲ್ಲಕೆ ಬಿಡು. ನಿಧಾನ ಆದ್ಮ್ಯಾಲೆ ಹಿಂದೆ ಯಾರದಾರೆ ನೋಡ್ಕೊಂಡು ಹತ್ತು. ಮ್ಯಾಲೆ ಬರಾಕೆ ಏನವಸರ? ಟ್ರ್ಯಾಕ್ ಅಲ್ಲೇ ಇರತೈತೆ."

ಮರುಸುತ್ತಿನಲ್ಲಿ ಮತ್ತೆ ಜಾರಿದೆ. ಎಳೆಯಲಿಲ್ಲ. ಕಾರು ಕೊಯ್ಲಿನ ಕೂಳೆಯ ಮೇಲೆ ಎತ್ತಿನ ಗಾಡಿಯಂತೆ ಕುಲುಕುತ್ತ ಸಾಗಿ, ತಾನಾಗಿ ಸಮಾಧಾನವಾಯಿತು. ಆಮೇಲೆ ಹತ್ತಿದೆ. ಲೇಡೀಸ್ ಕ್ಲಾಸಿನಲ್ಲಿ ಫಸ್ಟ್ ಬಂದೆ, ಲಾಸ್ಟೂ ನಾನೇ.

ಇವರು ತೀರಿಹೋದ ಮೇಲೆ ಸ್ಟೇರಿಂಗ್ ಮುಟ್ಟಲಿಲ್ಲ, ಟ್ರ್ಯಾಕಿನ ಹತ್ತಿರವೂ ಸುಳಿಯಲಿಲ್ಲ.

ದಾರಿಯಲ್ಲಿ ಇದನ್ನೆಲ್ಲ ಮೇಘಳಿಗೆ ಹೇಳಿದೆ. ಮುಂದೆ ಮತ್ತೆ ಜೋಳ ಬಂತು. ಚಕ್ರ ಇಳಿಯಿತು. ಮತ್ತೆ ಮಡಿಲಿಗೆತ್ತಿಕೊಂಡಿದ್ದ ತೆಂಗಿನಕಾಯಿಯನ್ನು ನನ್ನ ಬೆರಳುಗಳು ಬಿಗಿಹಿಡಿದವು. ಜೋಳ ಮುಗಿದರೂ ಅವಳು ಮಣ್ಣಿನಲ್ಲೇ ನೆಟ್ಟಗೆ ಸಾಗಿದಳು. ವೇಗ ಇಳಿಯಿತು. ಕನ್ನಡಿ ನೋಡಿದಳು. ಕಾರು ಟಾರಿಗೆ ಹತ್ತಿದ್ದು ನನಗೆ ತಿಳಿಯಲೇ ಇಲ್ಲ.

ಗೇರ್ ಬದಲಿಸುತ್ತ ಅಂದಳು: "ಭಾನುವಾರ ನೀನೂ ಬರ್ತೀಯಾ ಅಜ್ಜಿ? ಪಕ್ಕದಲ್ಲಿ ಕೂರಬಹುದಂತೆ."

ನಾನು ತುರುಬಿನ ಪಿನ್ನುಗಳನ್ನು ಒಂದೊಂದಾಗಿ ತೆಗೆದೆ. ಈಗ ಆ ತುರುಬು ನೆಲ್ಲಿಕಾಯಿ ಗಾತ್ರ, ನಿಜ.

"ಅವತ್ತು ನನಗೊಂದು ಜಡೆ ಹಾಕು," ಎಂದೆ. "ಸಡಿಲವಾಗಿರಲಿ."